ನಂದಿತಾಳ ಬೆಳಗಿನ ನಮಸ್ಕಾರ

ಜಕ್ಕೂರು ಕೆರೆಯ ಮಂಜು ಅಮೃತಹಳ್ಳಿಯ ಓಣಿಗಳನ್ನು ಹೊಕ್ಕು ಹೊರಡುವ ಹೊತ್ತು. ಆಗ ದೊಡ್ಡಮುನಿಯಮ್ಮನಿಗೆ ತನ್ನ ಮನೆ ನೀರಿನ ಮೇಲೆ ತೇಲುತ್ತಿರುವಂತೆ ಕಾಣುತ್ತಿತ್ತು. ಕಣ್ಣಿನ ಪೊರೆಯೂ ಅದಕ್ಕೆ ಸ್ವಲ್ಪ ಕಾರಣ. ಮಂಚದ ಮೇಲೆ ಆರು ತಿಂಗಳ ಮೊಮ್ಮಗಳು ನಂದಿತಾ ಕಣ್ಣು ಬಿಡುವಳು. ಬಿಟ್ಟ ಕೂಡಲೇ ತಲೆ ಬಾಗಿಸಿ, ಎರಡೂ ಕೈ ಮುಂದೆ ತಂದು, ಗೋಡೆಯ ದೇವರಪಟದ ಕಡೆಗೆ ಒಂದು ನಮಸ್ಕಾರ. ಕೊಂಚ ಬಿಟ್ಟು ಇನ್ನೊಂದು. ಮತ್ತೊಂದು.

ತಮ್ಮ ವಂಶದಲ್ಲಿ ಹೇಳಿಸಿಕೊಳ್ಳದೆ ಕೈಮುಗಿದವಳು ಇವಳೊಬ್ಬಳೇ ಎಂದು ಅಜ್ಜಿ ಓಣಿಗೆಲ್ಲ ಸಾರಿದಳು. ಮಗ ರಘುನಾಥ್ ಅದನ್ನು ಮೊಬೈಲಿನಲ್ಲಿ ಹಿಡಿದು, ಒಂದು ಭಕ್ತಿಗೀತೆ ಕೂಡಿಸಿ, ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಿದ. ಮಾಕಳಿಯ ಬೀಗರಿಂದ ಹಿಡಿದು ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು. ಆ ಗ್ರೂಪಿನಲ್ಲಿ ಅಂಥ ಒಮ್ಮತ ಹಿಂದೆಂದೂ ಕಂಡದ್ದಿಲ್ಲ.

ಸೊಸೆ ಶಿಲ್ಪ ಮಾತ್ರ ಆ ಸಂಭ್ರಮಕ್ಕೆ ಸೇರಲಿಲ್ಲ. ಮಗು ಈಚೆಗೆ ನಗುತ್ತಿಲ್ಲ, ಬೋರಲು ಬೀಳುತ್ತಿದ್ದದ್ದನ್ನೂ ಬಿಟ್ಟಿದೆ ಎಂದು ಎರಡು ಸಲ ಹೇಳಿದಳು. ಭಕ್ತಿ ಇರುವವರು ಗಂಭೀರವಾಗಿಯೇ ಇರುತ್ತಾರೆಂದು ಅತ್ತೆ ಸಮಾಧಾನ ಮಾಡಿದಳು.

ಒಂದು ಬೆಳಿಗ್ಗೆ ಆಶಾ ಕಾರ್ಯಕರ್ತೆ ರೆಹಾನಾ ಲಸಿಕೆಯ ದಿನ ತಿಳಿಸಲು ಬಂದಳು. ಕೂತು ಮೊಮ್ಮಗಳ ನಮಸ್ಕಾರ ನೋಡಿ ಹೋಗೆಂದು ಅಜ್ಜಿಯೇ ಕರೆದಳು. ನಂದಿತಾ ನಿದ್ದೆಯಿಂದ ಎದ್ದಳು, ಮೇಲಿಂದ ಮೇಲೆ ತಲೆ ಬಾಗಿಸತೊಡಗಿದಳು. ರೆಹಾನಾಳ ಮುಖದ ನಗು ಇಳಿಯಿತು.

"ಅಜ್ಜಿ, ಇದು ಒಂಥರಾ ಫಿಟ್ಸ್ ಇರ್ಬಹುದು. ಇವತ್ತೇ ಮಕ್ಕಳ ಡಾಕ್ಟ್ರಿಗೆ ತೋರಿಸ್ಬೇಕು."

"ಫಿಟ್ಸ್ ಅಂದ್ರೆ ಬಾಯಾಗೆ ನೊರೆ ಬರ್ಬೇಕು, ಒದ್ದಾಡ್ಬೇಕು. ನಾನೇನು ನೋಡಿಲ್ವಾ? ಇಂಗೆ ಕೈಮುಗಿಯೋ ಫಿಟ್ಸ್ ಎಲ್ಲಾದ್ರೂ ಐತಾ ತಾಯಿ?"

"ಕೂಸುಗಳಿಗೆ ಹಂಗೇ ಬರ್ಬೇಕು ಅಂತಿಲ್ಲ ಅಜ್ಜಿ. ಕರೆದ್ರೂ ತಿರುಗ್ದೆ ಒಂದೇ ಕಡೆ ನೋಡ್ತಿರೋದು, ಕಣ್ಣು ಒಂದು ಪಕ್ಕಕ್ಕೆ ಎಳ್ಕೊಳ್ಳೋದು, ಒಂದೇ ಕೈ ಅದುರೋದು, ಇವೂ ಆಗ್ಬಹುದು. ಸದ್ದಿಗೆ ಬೆಚ್ಚೋ ಮಗು ಒಂದ್ಸಲ ಬೆಚ್ಚುತ್ತೆ, ಅಷ್ಟೇ. ಇದು ನಿದ್ದೆಯಿಂದ ಎದ್ದ ಕೂಡ್ಲೆ ಮೇಲಿಂದ ಮೇಲೆ ಬರ್ತಿದೆ."

ಅಮಾವಾಸ್ಯೆ ಕಳೆಯಲಿ, ತಾಯತ ಕಟ್ಟಿಸಿ ಹೋದರಾಯಿತು ಎಂದು ಅಜ್ಜಿ ಪಟ್ಟು ಹಿಡಿದಳು. ತಾಯತವನ್ನು ಬಂದ ಮೇಲೂ ಕಟ್ಟಬಹುದು, ತಡವಾದಷ್ಟೂ ಮಗುವಿನ ಬೆಳವಣಿಗೆ ಹಿಂದೆ ಬೀಳುತ್ತದೆ ಎಂದ ರೆಹಾನಾ, ಕೊನೆಗೆ ಮೆಲ್ಲಗೆ ಒಂದು ಮಾತು ಸೇರಿಸಿದಳು: "ಅವಳ ಕೈ ಮೆತ್ತಗೆ ಹಿಡ್ಕೊಳ್ಳಿ. ನಿಲ್ಲುತ್ತಾ ನೋಡಿ."

ಅಜ್ಜಿ ಹಿಡಿದಳು. ಆ ಪುಟ್ಟ ಕೈಗಳು ಅವಳ ಅಂಗೈಯೊಳಗೇ ಸೆಟೆದು ಮುಂದಕ್ಕೆ ಬಂದವು. ಇನ್ನೊಮ್ಮೆ. ಒಳಗಿನಿಂದ ಯಾರೋ ದಾರ ಎಳೆದಂತಿತ್ತು. ಕಡೆಯ ಸಲ ಬಾಗಿದ ಮೇಲೆ ಮಗು ಅತ್ತಿತು. ಕೈಮುಗಿದು ಅಳುವವರನ್ನು ಅಜ್ಜಿ ಬಹಳ ಕಂಡಿದ್ದಳು. ಈ ಅಳು ಬೇರೆ.

"ಶಿಲ್ಪ, ಆಟೋ ಕರಿಯವ್ವ" ಎಂದಳು.

ಆಸ್ಪತ್ರೆಯಲ್ಲಿ ರಘುನಾಥನ ವಿಡಿಯೊ ಕೇಳಿ ಪಡೆದ ಡಾಕ್ಟರು ಮೊದಲು ಹಾಡಿನ ಸದ್ದು ತೆಗೆದರು. ಆಮೇಲೆ ಮೂರು ಸಲ ನೋಡಿದರು. ತಲೆಗೆ ತಂತಿ ಅಂಟಿಸಿ ಮಿದುಳಿನ ಪರೀಕ್ಷೆ ಮಾಡಿಸಿದರು. ಮಗುವಿಗೆ ನೋವಾಗಲಿಲ್ಲ. ಫಿಟ್ಸೇ ಎಂದು ತಿಳಿದು ಅಂದೇ ಔಷಧಿ ಶುರುವಾಯಿತು. ವಿಡಿಯೊ ಇದ್ದದ್ದು ಒಳ್ಳೆಯದಾಯಿತು ಎಂದರು.

ಕೆಲವು ವಾರಗಳ ಮೇಲೆ ಮತ್ತೊಂದು ಮಂಜಿನ ಬೆಳಗು. ಔಷಧಿ, ತಪಾಸಣೆ ಇನ್ನೂ ನಡೆದಿದ್ದವು. ನಂದಿತಾ ಕಣ್ಣು ಬಿಟ್ಟಳು. ಬಾಗಲಿಲ್ಲ. ಅಜ್ಜಿಯ ಮೂಗುಬಟ್ಟನ್ನೇ ಬಹಳ ಹೊತ್ತು ನೋಡಿ, ನಕ್ಕಳು. ಅಂದು ದೇವರಪಟಕ್ಕೆ ಕೈಮುಗಿದವಳು ದೊಡ್ಡಮುನಿಯಮ್ಮ.

ಓದಿದವರೇ, ಕೇಳಿದವರೇ, ನಿಮ್ಮ ಮನೆಯ ಕೂಸೂ ಹೀಗೆ ಮೇಲಿಂದ ಮೇಲೆ ಬಾಗಿದರೆ, ಅದುರಿದರೆ, ಕಲಿತದ್ದನ್ನು ಮರೆತರೆ, ಮುದ್ದು ಎಂದು ಸುಮ್ಮನಿರಬೇಡಿ. ವಿಡಿಯೊ ಮಾಡಿ, ಅದೇ ದಿನ ಮಕ್ಕಳ ಡಾಕ್ಟರಿಗೆ ತೋರಿಸಿ. ಮೈ ಸೆಟೆದು ಒದ್ದಾಡಿದರೆ ಪಕ್ಕಕ್ಕೆ ಮಲಗಿಸಿ. ಬಾಯಿಗೆ ನೀರು, ಚಮಚ, ಬೀಗದ ಕೈ ಏನನ್ನೂ ಇಡಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಐದು ನಿಮಿಷವಾದರೂ ನಿಲ್ಲದಿದ್ದರೆ, ಉಸಿರು ಕಷ್ಟವಾದರೆ, ತುಟಿ ನೀಲಿಯಾದರೆ 108ಕ್ಕೆ ಕರೆ ಮಾಡಿ. ಕೈಮುಗಿಯುವ ಕೆಲಸವನ್ನು ದೊಡ್ಡವರು ನೋಡಿಕೊಳ್ಳೋಣ, ಕೂಸು ನಗಲಿ.