ತಲೆ ತಗ್ಗಿಸುವ ಕೆಲಸ

ಅಕ್ಕನ ಎಡಗಣ್ಣಿನ ರೆಟಿನಾ ಕಣ್ಣಿನ ಹಿಂಗೋಡೆಯಿಂದ ಕಿತ್ತುಕೊಂಡಿತ್ತು. ಡಾಕ್ಟರು ಆಪರೇಷನ್ ಮಾಡಿ, ಕಣ್ಣೊಳಗೆ ಗ್ಯಾಸಿನ ಗುಳ್ಳೆ ಬಿಟ್ಟು, ಹತ್ತು ದಿನ ತಲೆ ಬಗ್ಗಿಸಿಕೊಂಡೇ ಇರಬೇಕು ಅಂದರು. ಮುಖ ನೆಲ ನೋಡುತ್ತಿದ್ದರೆ ಗುಳ್ಳೆ ಮೇಲೇರಿ ರೆಟಿನಾವನ್ನು ಒತ್ತಿ ಹಿಡಿಯುತ್ತದಂತೆ. ಉಣ್ಣುವುದು, ನಡೆಯುವುದು, ಮಲಗುವುದು ಎಲ್ಲ ಹಾಗೆಯೇ.

ನಮ್ಮದು ಟೈಲರ್ ಅಂಗಡಿ. ಕತ್ತರಿ ಅಕ್ಕನದು, ಮಿಷಿನ್ ನನ್ನದು. ನಾನು ಕತ್ತರಿಸಿದ ಕೋಟು ತೊಟ್ಟವನು ಯಾರದೋ ಕೋಟು ಕದ್ದವನ ಹಾಗೆ ಕಾಣುತ್ತಾನೆ. ಐದನೇ ದಿನ ಹಳೇ ಗಿರಾಕಿ ಮೇಷ್ಟ್ರು, ಮಗನ ಮದುವೆ ಕೋಟಿಗೆ ಅವಸರ ಮಾಡಿದರು. ನನ್ನ ಹಾಳು ಬುದ್ಧಿಗೆ ಆಗ ಹೊಳೆದದ್ದು ಇಷ್ಟೇ: ಕಟಿಂಗ್ ಅಂದರೆ ತಲೆ ತಗ್ಗಿಸಿ ಮಾಡುವ ಕೆಲಸ ತಾನೇ!

"ಅಕ್ಕಾ, ಹೇಗೂ ಬಗ್ಗೇ ಇರ್ತೀಯಲ್ಲ, ಟೇಬಲ್ ಮೇಲೇ ಬಗ್ಗು" ಅಂದೆ. ಅವಳೂ ನಕ್ಕಳು. ಸುಮ್ಮನೆ ನೆಲ ನೋಡಿ ನೋಡಿ ಅವಳಿಗೂ ಸಾಕಾಗಿತ್ತು.

ಕತ್ತರಿಸುವಾಗ ತಲೆ ಎತ್ತಲಿಲ್ಲ, ನಿಜ. ಆದರೆ ಟ್ರಯಲ್? ಭುಜ ಹೇಗೆ ಕೂತಿದೆ ಅಂತ ನೋಡದೆ ಅಕ್ಕ ಬಿಡುವವಳೇ? ಮದುಮಗನನ್ನು ಎದುರಿಗೆ ನಿಲ್ಲಿಸಿ, ಒಂದೇ ಕಣ್ಣಲ್ಲಿ ನೋಡುತ್ತಾ ತಲೆ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಎರಡು ಮಧ್ಯಾಹ್ನ ಹೀಗೇ ಕಳೆಯಿತು. ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಪಕ್ಕದಲ್ಲೇ ನಿಂತಿದ್ದೆ. ಸಾಕು ಅನ್ನಲಿಲ್ಲ. ಕೋಟು ಚೆನ್ನಾಗಿ ಬರುತ್ತಿತ್ತಲ್ಲ, ಅದಕ್ಕೆ.

ಎಂಟನೇ ದಿನ ಅವಳ ಕಣ್ಣಿನ ಮೂಲೆಯಿಂದ ಕಪ್ಪು ಪರದೆ ಇಳಿಯತೊಡಗಿತು. ಆಸ್ಪತ್ರೆಗೆ ಓಡಿದೆವು.

"ರೆಟಿನಾ ಮತ್ತೆ ಬಿಟ್ಕೊಂಡಿದೆ" ಅಂದರು ಡಾಕ್ಟರು. "ತಲೆ ಬಗ್ಗಿಸ್ಕೊಂಡೇ ಇದ್ರಿ ತಾನೇ?"

"ಒಂದ್ಸಲಾನೂ ಎತ್ತಿಲ್ಲ ಡಾಕ್ಟ್ರೇ" ಅಂದಳು ಅಕ್ಕ.

ಡಾಕ್ಟರು ನನ್ನ ಕಡೆ ತಿರುಗಿ, "ಬೇಜಾರು ಮಾಡ್ಕೋಬೇಡಿ. ಪಾಪ, ನೀವು ಚೆನ್ನಾಗೇ ನೋಡ್ಕೊಂಡಿದೀರ" ಅಂದರು.

ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. "ಸುಳ್ಳು ಡಾಕ್ಟ್ರೇ, ನಾನೇ ಎತ್ತಿಸ್ದೆ" ಅಂದುಬಿಟ್ಟೆ. ಕೋಟು, ಟ್ರಯಲ್ ಎಲ್ಲ ಒದರಿದೆ.

"ಸುಮ್ನಿರೋ, ನಿನ್ನನ್ಯಾರು ಕೇಳಿದ್ರು?" ಅಕ್ಕ ಗದರಿದಳು.

ಡಾಕ್ಟರು ಅಕ್ಕನ ಕಡೆ ತಿರುಗಿದರು. "ಇನ್ನೊಂದು ಆಪರೇಷನ್ ಮಾಡ್ತೀನಿ. ದೃಷ್ಟಿ ಎಷ್ಟು ಉಳಿಯುತ್ತೋ ಹೇಳಕ್ಕಾಗಲ್ಲ" ಅಂದರು. ಆಮೇಲೆ ನನ್ನತ್ತ ನೋಡದೆ ಕೇಳಿದರು: "ಈ ಸಲ ನಿಮ್ಮನ್ನ ನೋಡ್ಕೊಳ್ಳೋಕೆ ಬೇರೆ ಯಾರಾದ್ರೂ ಇದಾರಾ ಅಮ್ಮಾ?"

"ಬೇರೆಯವರು ಯಾಕೆ? ಇವನೇ ಇದಾನಲ್ಲ" ಅಂದಳು ಅಕ್ಕ.

ಎಡಗಡೆ ಕೂತಿದ್ದ ನನ್ನತ್ತ ಕೈ ಚಾಚಿದಳು. ಆ ಕೈ ನನ್ನ ತೋಳನ್ನು ದಾಟಿಹೋಗಿ ಬರಿಗಾಳಿಯಲ್ಲಿ ನನ್ನನ್ನು ಹುಡುಕುತ್ತಿತ್ತು.