ಎಡಗಡೆಯ ಸ್ಪೀಕರ್

ಮೂರನೇ ಸಲ ಗೋವಿನಕೋವಿಗೆ ಹೊರಟಾಗ ನನ್ನ ಚೀಲದಲ್ಲಿ ಷಣ್ಮುಖಪ್ಪನವರ ಎರಡು ಸ್ಪೀಕರ್‌ಗಳಿದ್ದವು. ಹೊನ್ನಾಳಿಯ ಅಂಗಡಿಗೆ ಒಯ್ದು, ಬಿಚ್ಚಿ, ಒರೆಸಿ, ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದ್ದೆ. ಎರಡೂ ಚೆನ್ನಾಗಿ ಹಾಡುತ್ತಿದ್ದವು. ನನಗೆ ಅದೇ ಚಿಂತೆ. ಸುಟ್ಟುಹೋದ ಸ್ಪೀಕರಾದರೆ ಕೈಯಲ್ಲಿ ಹಿಡಿದು ತೋರಿಸಬಹುದು. ಸರಿಯಾಗಿರುವುದನ್ನು ಹಿಡಿದುಕೊಂಡು ಏನಂತ ಹೇಳಲಿ?

ನಾನು ಹಗಲು ಬಟ್ಟೆ ಹೊಲಿಯುತ್ತ, ಸಂಜೆ ಕ್ಲಾಸಿಗೆ ಹೋಗಿ ಕಂಪ್ಯೂಟರ್ ರಿಪೇರಿ ಕಲಿತವಳು. ಪಾಠದ ಹೊತ್ತಿಗೆ ಕಣ್ಣು ಎಳೆಯುತ್ತಿದ್ದವು. ಈಗಲೂ ಒಂದು ಕೆಲಸ ಕೈಗೂಡದಿದ್ದರೆ, ನಾನು ತೂಕಡಿಸಿದ ಯಾವುದೋ ಪಾಠದಲ್ಲಿ ಇದರ ಉತ್ತರ ಇತ್ತೇನೋ ಅನ್ನಿಸುತ್ತದೆ.

ಷಣ್ಮುಖಪ್ಪ ನ್ಯಾಮತಿಯಿಂದ ಜಗಳೂರಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಮಗಳು ರಕ್ಷಾಳ ಓದಿಗೆಂದು ತಂದ ಕಂಪ್ಯೂಟರ್, ಅವಳು ಮದುವೆಯಾಗಿ ಚನ್ನಗಿರಿಗೆ ಹೋದ ಮೇಲೆ ಅವರದಾಗಿತ್ತು. ಕುರ್ಚಿಯ ಸುತ್ತ ಐದು ಸ್ಪೀಕರ್, ಮೇಜಿನ ಕೆಳಗೆ ದಪ್ಪ ದನಿಯ ಇನ್ನೊಂದು ಪೆಟ್ಟಿಗೆ. ರಜೆಯ ಭಾನುವಾರ ಅದರ ನಡುವೆ ಕೂತು ಸಿನಿಮಾ ನೋಡುವುದೊಂದೇ ಅವರ ಚಟ. ದಸರಾ ಆದಾಗಿನಿಂದ ಎಡಗಡೆಯ ಎರಡು ಸ್ಪೀಕರ್ ಸರಿಯಾಗಿ ಕೇಳುತ್ತಿಲ್ಲ ಅನ್ನುವುದು ಅವರ ದೂರು.

ಮೊದಲ ಸಲ ಹೋದಾಗ ಕಾರಣ ಕಣ್ಣಿಗೇ ಬಿದ್ದಿತ್ತು. ಅವರ ಹೆಂಡತಿ ದುರುಗಕ್ಕ ಆಯುಧ ಪೂಜೆಯ ದಿನ ಕಂಪ್ಯೂಟರಿಗೂ ವಿಭೂತಿ ಬಳಿದು ಕುಂಕುಮ ಇಟ್ಟಿದ್ದರು. ಮುಂದುಗಡೆ ಮಾತ್ರ ಇಟ್ಟಿದ್ದರೆ ಸರಿಹೋಗುತ್ತಿತ್ತು. ಹಿಂದುಗಡೆ ವೈರು ಸಿಕ್ಕಿಸುವ ಪ್ರತಿ ತೂತಿಗೂ ಒಂದೊಂದು ಬೊಟ್ಟು. ಗುರುತಿಗೆಂದು ಇದ್ದ ಹಸಿರು, ಕಪ್ಪು, ಕಿತ್ತಳೆ ಬಣ್ಣವೆಲ್ಲ ಮುಚ್ಚಿಹೋಗಿ, ಒಳಗೆ ಕುಂಕುಮ ಗಟ್ಟಿಯಾಗಿ ಕೂತಿತ್ತು.

"ಒಂದಕ್ಕೆ ಇಟ್ಟು ಇನ್ನೊಂದಕ್ಕೆ ಬಿಡಾಕೆ ಆಗ್ತದಾ ತಂಗಿ?" ಅಂದಿದ್ದರು ದುರುಗಕ್ಕ.

ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದೇ ತೂತು ಒರೆಸಿ, ಕೆಲಸ ಮುಗಿಯಿತು ಅಂದುಕೊಂಡು ಬಂದೆ. ಮರುದಿನವೇ ಫೋನು ಬಂತು. "ಎಡಗಡೆ ಹಂಗೇ ಐತಲ್ಲವ್ವ."

ಎರಡನೇ ಸಲ ಸೌಂಡಿನ ಸಾಫ್ಟ್‌ವೇರ್ ತೆಗೆದು ಹೊಸದಾಗಿ ಹಾಕಿದೆ. ವೈರು ಬದಲಿಸಿದೆ. ಎಡಗಡೆಯ ಸ್ಪೀಕರ್ ನನಗೇನೋ ಚೆನ್ನಾಗಿ ಕೇಳಿಸುತ್ತಿತ್ತು. ಅವರು ತಲೆ ಅಲ್ಲಾಡಿಸಿದರು. "ಎಲ್ಲೋ ದೂರದಾಗೆ ಅಂದಂಗೆ ಆಗ್ತೈತೆ. ಅದೂ ಬಲಗಡೆಯಿಂದಾನೇ ಬಂದಂಗೆ." ನಾನು ಅವರ ಮಾತನ್ನೇ ನಂಬಿದೆ. ಓಡುವ ಬಸ್ಸಿನ ಸದ್ದು ಕೇಳಿಯೇ ಯಾವ ಚಕ್ರದ ನಟ್ಟು ಸಡಿಲಾಗಿದೆ ಎಂದು ಹೇಳುತ್ತಾರೆ ಅಂತ ನಮ್ಮ ಕಡೆ ಅವರಿಗೆ ಹೆಸರು. ಅಂಥವರ ಕಿವಿಯ ಮುಂದೆ ನನ್ನ ಕಿವಿ ಯಾವ ಲೆಕ್ಕ? ಎಡಗಡೆಯ ಎರಡೂ ಸ್ಪೀಕರ್ ಕಟ್ಟಿಕೊಂಡು ಅಂಗಡಿಗೆ ಒಯ್ದಿದ್ದೆ.

ಈಗ ಮತ್ತೆ ಬಾಗಿಲಲ್ಲಿ ನಿಂತಿದ್ದೆ.

"ಬರ್ರಿ ಕಂಪ್ಯೂಟರ್ ಡಾಕ್ಟರೇ," ಅಂದರು ಷಣ್ಮುಖಪ್ಪ, ಕುರ್ಚಿಯಿಂದ ಏಳದೆ. "ಈ ಸಲನಾದ್ರೂ ಪೇಷೆಂಟ್ ಉಳೀತದಾ?"

"ನೋಡ್ತೀನಿ ಅಣ್ಣಾ."

"ಹೋದ್ಸಲನೂ ಅದೇ ಅಂದಿದ್ದೆ ನಾಗರತ್ನವ್ವ."

ತಮಾಷೆಗೆ ಅಂದರೂ ಮುಖದಲ್ಲಿ ಸುಸ್ತು ಇತ್ತು. ದುರುಗಕ್ಕ ಮಂಡಕ್ಕಿ, ಟೀ ತಂದರು. ಅಡುಗೆಮನೆಯ ಬಾಗಿಲು ಕುರ್ಚಿಯ ಎಡಕ್ಕೇ ಇತ್ತು, ಅಲ್ಲೇ ಒಂದು ಸ್ಟೂಲೂ ಇತ್ತು. ಆದರೂ ಅವರು ಕುರ್ಚಿಯನ್ನು ಬಳಸಿಕೊಂಡು ಬಂದು, ಗಂಡನ ಬಲಗಡೆ ಬಗ್ಗಿ ಲೋಟ ಕೊಟ್ಟರು. ಆಗ ನಾನು ಅದಕ್ಕೇನೂ ಅರ್ಥ ಹಚ್ಚಲಿಲ್ಲ.

"ಇವರ ಮನಸ್ಸು ಸರಿ ಇಲ್ಲ ತಂಗಿ," ಅಂದರು ದುರುಗಕ್ಕ. "ನಾಳೆಯಿಂದ ಕೆಂಚೇಶ ಬಸ್ಸಿಗೆ ಬರಂಗಿಲ್ಲ."

ಕೆಂಚೇಶ್ ಅದೇ ಬಸ್ಸಿನ ಕಂಡಕ್ಟರ್, ಹಿಂದಿನ ಓಣಿಯವನು. ಯಾಕೆ ಅಂತ ಕೇಳಿದೆ.

"ಹೊನ್ನಾಳಿ ಸ್ಟ್ಯಾಂಡಿನಾಗೆ ಒಂದು ಮುದುಕಿ ಇಳೀತಿತ್ತು," ಅಂದರು ಷಣ್ಮುಖಪ್ಪ. "ಇವನು ಹೋಗಾಕೆ ಎರಡು ಸೀಟಿ ಹೊಡ್ದ. ನಾನು ಇಂಜಿನ್ ಎಬ್ಬಿಸಿ ಹೊರಟೆ. ಆಯಮ್ಮನ ಒಂದು ಕಾಲು ಇನ್ನೂ ಮೆಟ್ಟಿಲ ಮ್ಯಾಲೆ. ಬಿದ್ದು ಕೈ ಮುರೀತು. ಈಗ ಹೇಳ್ತಾನೆ, ಆಯಮ್ಮನ್ನ ನೋಡಿದ ಕೂಡ್ಲೇ ನಿಲ್ಸಾಕೆ ಉದ್ದಕ್ಕೆ ಒಂದು ಸೀಟಿ ಹೊಡ್ದಿದ್ದೆ ಅಂತ. ಬಸ್ಸಿನ ಯಜಮಾನ್ರು ನನ್ನ ಕೇಳಿದ್ರು. ಹೊಡೀಲಿಲ್ಲ ಅಂದೆ. ಅವನ ಲೆಕ್ಕ ಮುಗಿಸಿ ಕಳಿಸ್ತೀನಿ ಅಂದ್ರು."

"ಅವನು ಹೊಡೆದಿರಬೌದು," ಅಂದರು ದುರುಗಕ್ಕ.

"ಹೊಡೆದಿದ್ರೆ ನನಗೆ ಕೇಳಿಸ್ತಿರಲಿಲ್ವೇನೆ?"

"ಅವನ ಹೆಂಡ್ತಿ ಬೆಳಗ್ಗೆ ಬಂದು ಜಗಲಿ ಮ್ಯಾಲೆ ಕೂತು ಹೋದ್ಲು. ಒಂದು ಮಾತೂ ಆಡ್ಲಿಲ್ಲ."

ಷಣ್ಮುಖಪ್ಪ ಟೀ ಕುಡಿದರು.

ನಾನು ಕೆಲಸಕ್ಕೆ ಕೂತೆ. ತಂದ ಸ್ಪೀಕರ್‌ಗಳನ್ನು ಈ ಸಲ ಬಲಗಡೆ ಇಟ್ಟು, ಬಲಗಡೆಯವನ್ನು ಎಡಕ್ಕೆ ಇಟ್ಟೆ. ಕಂಪ್ಯೂಟರಿನಲ್ಲಿ ಪರೀಕ್ಷೆಗೆಂದೇ ಒಂದು ಸದ್ದು ಇರುತ್ತದೆ. ಒಂದೊಂದೇ ಸ್ಪೀಕರಿನಿಂದ ಹೊರಟು ಕುರ್ಚಿಯ ಸುತ್ತ ಒಂದು ಸುತ್ತು ಬರುತ್ತದೆ. ಅದನ್ನು ಹಾಕಿದೆ.

"ಈಗ್ಲೂ ಎಡಗಡೆದೇ ಕೇಳ್ತಿಲ್ಲ," ಅಂದರು.

ಇಷ್ಟು ದಿನ ಬಲಗಡೆ ಚೆನ್ನಾಗಿದ್ದ ಸ್ಪೀಕರ್‌ಗಳು ಅವು. ಹಿಂದೆ ಹೋಗಿ ವೈರು ಅದಲು ಬದಲು ಮಾಡಿದೆ. ಎಡಕ್ಕೆ ಬರಬೇಕಾದ ಸದ್ದು ಬಲಕ್ಕೆ ಬರುವಂತೆ ಮಾಡಿ ಮತ್ತೆ ಹಾಕಿದೆ.

"ಎಡಗಡೆದೇ ಅಂತೀನಲ್ಲ."

ಹಣೆಯ ಬೆವರು ಒರೆಸಿಕೊಂಡೆ. ಸಂಜೆ ಕ್ಲಾಸಿನ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು, ಅದು ಮಾತ್ರ ಎಚ್ಚರವಿದ್ದಾಗ ಕೇಳಿದ್ದು: ಒಂದೊಂದೇ ಬದಲಿಸಿ ನೋಡಿ, ಏನು ಬದಲಿಸಿದರೂ ದೋಷ ಜಾಗ ಬಿಡದಿದ್ದರೆ ನೀವು ಇನ್ನೂ ಮುಟ್ಟದೇ ಇರುವ ಕಡೆ ನೋಡಿ. ಪೆಟ್ಟಿಗೆ ಬದಲಿಸಿದ್ದೆ, ವೈರು ಬದಲಿಸಿದ್ದೆ, ಸಾಫ್ಟ್‌ವೇರ್ ಬದಲಿಸಿದ್ದೆ. ಇನ್ನೇನು ಉಳಿದಿದೆ ಅಂತ ಸುತ್ತ ನೋಡಿದೆ. ಖಾಲಿ ಲೋಟ ತೆಗೆದುಕೊಳ್ಳಲು ದುರುಗಕ್ಕ ಮತ್ತೆ ಕುರ್ಚಿ ಬಳಸಿಕೊಂಡು ಗಂಡನ ಬಲಗಡೆಗೆ ಬಂದರು.

ಉಳಿದಿದ್ದು ಕುರ್ಚಿಯಲ್ಲಿ ಕೂತವರು ಮಾತ್ರ. ಕೂಡಲೇ, ನಿನಗೇನು ಗೊತ್ತು, ನಿನ್ನ ಕೆಲಸ ಬಾರದೆ ಗಿರಾಕಿಯ ಮೇಲೆ ಹಾಕುತ್ತಿದ್ದೀಯ ಅಂತಲೂ ಅನ್ನಿಸಿತು. ಸೌಂಡ್ ಕಾರ್ಡ್ ಹೋಗಿದೆ, ಹೊಸದು ಹಾಕಿಸಿ ಅಂದುಬಿಟ್ಟರೆ ಇವತ್ತಿಗೆ ಮುಗಿಯುತ್ತಿತ್ತು. ಆದರೆ ಜಗಲಿಯ ಮೇಲೆ ಸುಮ್ಮನೆ ಕೂತು ಹೋದ ಆ ಹೆಂಗಸು ತಲೆಯಿಂದ ಹೋಗಲಿಲ್ಲ.

"ಅಣ್ಣಾ, ಕುರ್ಚಿ ಬೀದಿ ಬಾಗಿಲ ಕಡೆ ತಿರುಗಿಸಿ ಕೂತ್ಕೋತೀರಾ?"

"ಯಾಕೆ, ಕಂಪ್ಯೂಟರಿಗೂ ವಾಸ್ತು ಐತಾ?"

ನಗುತ್ತಲೇ ತಿರುಗಿದರು. ಈಗ ಕಂಪ್ಯೂಟರ್ ಅವರ ಬೆನ್ನಿಗಿತ್ತು. ಸದ್ದು ಹಾಕಿದೆ. ಇಷ್ಟು ಹೊತ್ತು ಅವರು ಕೆಟ್ಟಿದೆ ಅಂದ ಸ್ಪೀಕರ್‌ಗಳು ಈಗ ಅವರ ಬಲಕ್ಕಿದ್ದವು.

"ಓಹೋ! ಬಂತು ನೋಡು! ಈಗ ಸರಿ ಆತು!" ಅಂತ ತೊಡೆ ತಟ್ಟಿದರು. ಸದ್ದು ಸುತ್ತಿಕೊಂಡು ಇನ್ನೊಂದು ಪಕ್ಕಕ್ಕೆ ಹೋಯಿತು. ತಟ್ಟುತ್ತಿದ್ದ ಕೈ ನಿಂತಿತು. "ಈಗ ಆ ಕಡೆದು ಹೋತಲ್ಲ."

ಅವರೇ ಕುರ್ಚಿಯನ್ನು ಕಂಪ್ಯೂಟರ್ ಕಡೆ ತಿರುಗಿಸಿದರು. ಸ್ವಲ್ಪ ಹೊತ್ತು ಕೇಳಿದರು. ಮತ್ತೆ ಬಾಗಿಲ ಕಡೆ ತಿರುಗಿದರು.

"ನೀನೇನೂ ಮುಟ್ಟಲಿಲ್ಲ, ಅಲ್ವಾ?"

"ಇಲ್ಲ ಅಣ್ಣಾ."

ಸದ್ದು ಸುತ್ತುತ್ತಲೇ ಇತ್ತು. ನಿಲ್ಲಿಸಿದೆ.

"ನಾನು ಅಂದ್ಕೊಂಡಿದ್ದು ತಪ್ಪಿರಬೌದು," ಅಂದೆ. "ಕಿವಿಯಾಗೆ ಬರೀ ಗುಗ್ಗೆ ಕಟ್ಟಿದ್ರೂ ಹಿಂಗಾಗ್ತದಂತೆ. ನನಗೆ ವೈರು ಬಿಟ್ರೆ ಬೇರೆ ಗೊತ್ತಿಲ್ಲ. ಒಂದ್ಸಲ ಕಿವಿ ಡಾಕ್ಟರಿಗೆ ತೋರ್ಸಿ ಅಣ್ಣಾ..."

ಅವರು ನನ್ನ ಮಾತು ಕೇಳಿಸಿಕೊಳ್ಳುತ್ತಿದ್ದಂತೆ ಕಾಣಲಿಲ್ಲ. "ಇಂಜಿನ್ ನನ್ನ ಎಡಕ್ಕೇ ಇರೋದು," ಅಂದರು ನಿಧಾನಕ್ಕೆ. "ಇಷ್ಟು ವರ್ಷ ಪಕ್ಕದಾಗೇ ಗುರ್ ಅಂತ ಕೂತೈತೆ. ಬಾಗಿಲೂ ಎಡಕ್ಕೇ." ಕೆಂಚೇಶ್ ನಿಲ್ಲುವುದೂ ಆ ಬಾಗಿಲಲ್ಲೇ. ಅದನ್ನು ಅವರು ಹೇಳಲಿಲ್ಲ. "ಈಚೆಗೆ ಅವನು ಸೀಟಿ ಹೊಡೆಯೋದಲ್ಲದೆ ಬಸ್ಸಿನ ತಗಡನ್ನೂ ದಬದಬ ಬಡೀತಿದ್ದ. ನನಗೇನು ಕಿವುಡಾ ಅಂತ ಎಲ್ಲರ ಮುಂದೆ ಬೈದಿದ್ದೆ. ಅವತ್ತಿಂದ ಬಡಿಯೋದು ಬಿಟ್ಟ."

ದುರುಗಕ್ಕ ಲೋಟ ಹಿಡಿದುಕೊಂಡೇ ನಿಂತಿದ್ದರು.

"ನಿನಗೆ ಗೊತ್ತಿತ್ತೇನೆ?"

"ಎಡಗಡೆಯಿಂದ ಕರೆದ್ರೆ ನೀವು ತಿರುಗಿ ನೋಡ್ತಿರಲಿಲ್ಲ. ನನ್ನ ಮ್ಯಾಲೆ ಸಿಟ್ಟೇನೋ ಅಂದ್ಕಂಡೆ. ಆಮ್ಯಾಲೆ ಸುಮ್ನೆ ಬಲಗಡೆಗೆ ಬರಾಕೆ ಶುರು ಮಾಡ್ದೆ."

"ಹೇಳಾಕೆ ಬಾಯಿ ಇರಲಿಲ್ವಾ?"

"ಹೇಳಿದ್ರೆ ಬಸ್ಸು ಬಿಡಬೇಕಾಗ್ತಿತ್ತು. ನೀವು ಬಸ್ಸು ಬಿಟ್ಟು ಮನೆಯಾಗೆ ಹೆಂಗೆ ಕೂರ್ತೀರಿ?" ಅವರು ಸ್ಪೀಕರ್‌ಗಳ ಕಡೆ ನೋಡಿದರು. "ಸ್ಪೀಕರ್ರೇ ಕೆಟ್ಟಿರಲಿ ದೇವ್ರೇ ಅಂತ ನಾನೂ ಕಾಯ್ತಾ ಇದ್ದೆ."

ಷಣ್ಮುಖಪ್ಪ ಜೇಬಿನಿಂದ ಫೋನ್ ತೆಗೆದು ಒಂದು ನಂಬರ್ ಒತ್ತಿದರು. ಯಾವಾಗಲೂ ಬಲಗಿವಿಗೆ ಹಿಡಿಯುವವರು, ಬೇಕೆಂದೇ ಎಡಗಿವಿಗೆ ಇಟ್ಟುಕೊಂಡರು. ಅದು ರಿಂಗಾಗುವುದು ಕಂಪ್ಯೂಟರಿನ ಪಕ್ಕ ಕೂತಿದ್ದ ನನಗೂ ಸಣ್ಣಗೆ ಕೇಳುತ್ತಿತ್ತು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಆ ಕಡೆ ಯಾರೋ "ಹಲೋ, ಹಲೋ" ಅಂದರು. ಅವರು ಗೋಡೆ ನೋಡುತ್ತ ಕಾಯುತ್ತಲೇ ಇದ್ದರು.

"ಎತ್ತಿದ್ರು ಅಣ್ಣಾ," ಅಂದೆ.

ಫೋನನ್ನು ಬಲಗಿವಿಗೆ ಬದಲಿಸಿಕೊಂಡರು.

"ಯಜಮಾನ್ರೇ, ಷಣ್ಮುಖಪ್ಪ. ಕೆಂಚೇಶನ್ನ ಬಿಡಿಸಬ್ಯಾಡ್ರಿ. ಅವತ್ತು ಅವನು ಸೀಟಿ ಹೊಡೆದಿದ್ದ. ನನಗೇ ಕೇಳಿಸಲಿಲ್ಲ." ಆ ಕಡೆಯ ಮಾತು ಕೇಳಿದರು. "ಇಲ್ಲ, ಅವನ ಪರವಾಗಿ ಹೇಳ್ತಿಲ್ಲ. ನನ್ನ ಎಡಗಿವಿ ಹೋಗೈತೆ. ನಾಳೆ ಗಾಡಿಗೆ ಬೇರೆ ಡ್ರೈವರ್ ನೋಡ್ರಿ."

ಆ ಕಡೆಯಿಂದ ಉದ್ದಕ್ಕೆ ಏನೋ ಮಾತು ಬಂತು. ಇವರು "ಹೂಂ, ಹೂಂ" ಅಂದು ಫೋನ್ ಇಟ್ಟರು. ದುರುಗಕ್ಕ ಲೋಟವನ್ನು ನೆಲದ ಮೇಲೆ ಇಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹಿಂದಿನ ಓಣಿಯ ಕಡೆ ಹೊರಟರು.

ನಾನು ಬೇರೇನೂ ತೋಚದೆ ವೈರುಗಳನ್ನು ಮೊದಲಿನಂತೆ ಸಿಕ್ಕಿಸತೊಡಗಿದೆ. ಸ್ಪೀಕರ್‌ಗಳನ್ನು ಎತ್ತಿಕೊಂಡು, ಯಾವುದು ಎಲ್ಲಿತ್ತು ಅಂತ ನೆನಪು ಮಾಡಿಕೊಳ್ಳುತ್ತ ನಿಂತೆ.

"ಎಡಗಡೆದು ಎಡಗಡೆಗೇ ಇಡವ್ವ," ಅಂದರು ಷಣ್ಮುಖಪ್ಪ. "ಅದು ಚೆನ್ನಾಗೈತೆ."