ನಂಬರ್ ಅದೇ ಇರುತ್ತದೆ

"ಆಂಟಿ, ನಂಬರ್ ಚಾಲೂ ಉಂಟು. ಸಿಸ್ಟಮ್‌ನಲ್ಲಿ ಸಬ್ ಬರಾಬರ್ ಹೈ," ಎಂದು ಸಂದೀಪ ಮೂರನೆಯ ಸಲ ಹೇಳಿದ. ಕಾಂದಿವಲಿಯ ಆ ಮೊಬೈಲ್ ಕಂಪನಿಯ ಅಂಗಡಿಯಲ್ಲಿ ಕೂತಿದ್ದ ಈ ಹುಡುಗನ ಮೂಲ ಮಂಗಳೂರು. ಕನ್ನಡ ಮಾತ್ರ ಅವನ ಬಾಯಲ್ಲಿ ಕುಂಟುತ್ತಾ ಬರುತ್ತಿತ್ತು.

"ಚಾಲೂ ಉಂಟಾದ್ರೆ ಫೋನ್ ಯಾಕೆ ಬರುದಿಲ್ಲ ಮಾರಾಯ?" ಎಂದಳು ವಿನೋದಿನಿ.

ಅದೇ ಅವಳಿಗೆ ಅರ್ಥವಾಗದ್ದು. ಸ್ಟೇಷನ್ನಿನೆದುರು ಛತ್ರಿ ಬಿಡಿಸಿಕೊಂಡು ಕೂತಿದ್ದ ಕಂಪನಿಯವನು ಅಂಗೈಯಲ್ಲೇ ವೈಕುಂಠ ತೋರಿಸಿದ್ದ. ನಮ್ಮಲ್ಲಿಗೆ ಬನ್ನಿ, ಮೂರು ತಿಂಗಳು ಪುಕ್ಕಟೆ, ನಂಬರ್ ಅದೇ ಇರುತ್ತದೆ. ಮಾತಿಗೇನು ಬಡತನ. ಹೊಸ ಸಿಮ್ ಶುರುವಾದ ದಿನದಿಂದ ಒಂದು ಆರ್ಡರೂ ಬಂದಿರಲಿಲ್ಲ.

ನಾಗರಪಂಚಮಿ ಹತ್ತಿರ ಬಂದಿತೆಂದರೆ ಅವಳ ಫೋನಿಗೆ ಬಿಡುವಿರುತ್ತಿರಲಿಲ್ಲ. ಅರಶಿನ ಎಲೆಯ ಕಡುಬು ಬೇಕಾದರೆ ವಿಲೆ ಪಾರ್ಲೆಯಿಂದ ಘಾಟ್ಕೋಪರ್‌ವರೆಗಿನ ಊರ ಕಡೆಯವರೆಲ್ಲ ಅವಳಿಗೇ ಹೇಳಿಡುತ್ತಿದ್ದರು. ಮೆಸೇಜು ಗಿಸೇಜು ಅವಳಿಗಾಗದು. ಬಾಯಿಬಿಟ್ಟು ಮಾತಾಡಿದರೇ ಆರ್ಡರು. ಈಗ ಹಬ್ಬ ನಾಡಿದ್ದು, ದಾದರಿನಿಂದ ತಂದ ಎಲೆಯ ಕಟ್ಟು ಮನೆಯಲ್ಲಿ ಒದ್ದೆ ಬಟ್ಟೆಯೊಳಗೆ ಬಾಡುತ್ತಿತ್ತು.

"ನಿನ್ನ ಕೈರುಚಿ ಹೋಯ್ತು ಅಂತ ಕಾಣ್ತದೆ," ಎಂದಿದ್ದ ಗಂಡ ಚೆನ್ನಯ. ಹೋಟೆಲಿನ ಗಲ್ಲೆಯಲ್ಲಿ ಕೂತು ಲೋಕದವರಿಗೆಲ್ಲ ಫೋನ್ ಮಾಡುವ ಆಸಾಮಿ, ಹೆಂಡತಿಗೆ ಒಮ್ಮೆಯೂ ಮಾಡಿದವನಲ್ಲ. ತಮಾಷೆಗೆ ಅಂದದ್ದಾದರೂ ಆ ಮಾತು ಅವಳೊಳಗೆ ಮುಳ್ಳಾಗಿ ಕೂತಿತ್ತು. ಹೋದ ವರ್ಷ ಬೆಲ್ಲ ಹೆಚ್ಚಾಯಿತೇ? ಹಿಟ್ಟು ತರಿತರಿಯಾಯಿತೇ? ತಪ್ಪು ಕಂಪನಿಯದೋ, ತನ್ನ ಕೈಯದೋ, ತಲೆಬುಡ ತಿಳಿಯುತ್ತಿರಲಿಲ್ಲ. ಫೋನ್ ಬಂದೇ ಇಲ್ಲ ಎನ್ನುವಂತೆಯೂ ಇರಲಿಲ್ಲ. ಬಂದದ್ದೆಲ್ಲ ರಾಂಗ್ ನಂಬರು. ದಿನಾ ಬೆಳಿಗ್ಗೆ ಕೆಮ್ಮುವ ಮುದುಕನೊಬ್ಬ ಮರಾಠಿಯಲ್ಲಿ, "ನಿಖಿತಾ? ಬಾಳಾ?" ಎಂದು ಮಗುವನ್ನು ಕರೆಯುವಂತೆ ಕೇಳುತ್ತಿದ್ದ. ನಿನ್ನೆ ಅವಳು ರೇಗಿ, ಇನ್ನು ಫೋನ್ ಮಾಡಬೇಡಿ ಎಂದು ಬೈದು ಇಟ್ಟಿದ್ದಳು.

"ನೀನೇ ಒಮ್ಮೆ ಮಾಡಿ ನೋಡು," ಎಂದಳು.

ಸಂದೀಪ ತನ್ನ ಮೊಬೈಲಿನಲ್ಲಿ ಅವಳ ನಂಬರ್ ಒತ್ತಿ ಸ್ಪೀಕರಿಗೆ ಹಾಕಿದ. ರಿಂಗಾಯಿತು. ಕೌಂಟರಿನ ಮೇಲಿದ್ದ ಅವಳ ಫೋನ್ ತೆಪ್ಪಗೆ ಬಿದ್ದಿತ್ತು. ಇಬ್ಬರೂ ಅದನ್ನೇ ನೋಡಿದರು.

"ಹಲೋ," ಎಂದಿತು ಒಂದು ಹುಡುಗಿಯ ದನಿ. ವಿನೋದಿನಿ ತನ್ನ ಹೆಸರು ಹೇಳಿದ್ದೇ ತಡ, ಹುಡುಗಿ ಹಿಂದಿಯಲ್ಲಿ ಶುರುವಿಟ್ಟುಕೊಂಡಳು. "ನೀವೇನಾ ಆಂಟಿ? ಎಷ್ಟು ಜನ ಫೋನ್ ಮಾಡ್ತಿದ್ದಾರೆ ಗೊತ್ತಾ? ಎಲ್ಲರಿಗೂ ಕಡುಬು ಬೇಕಂತೆ. ಒಬ್ಬರು ಅಜ್ಜಿ, ವಿನೋದಿನಿಗೆ ಹುಷಾರಿಲ್ವಾ ಅಂತ ದಿನಾ ಕೇಳ್ತಾರೆ. ನಾನು ಯಾರಿಗೂ ಇಲ್ಲ ಅನ್ನಲಿಲ್ಲ, ಸ್ವಲ್ಪ ತಾಳಿ ಅಂದೆ." ಅವಳೂ ಅದೇ ದಿನ ಅದೇ ಛತ್ರಿಯಡಿ ಹಳೆಯ ನಂಬರಿಗೇ ಹೊಸ ಸಿಮ್ ತೆಗೆದುಕೊಂಡವಳು.

"ಅದಲುಬದಲು ಆಗಿದೆ ಆಂಟಿ," ಎಂದ ಸಂದೀಪ, ಹಣೆ ಉಜ್ಜಿಕೊಳ್ಳುತ್ತಾ. "ಅವಳ ಸಿಮ್ ನಿಮ್ಮತ್ರ, ನಿಮ್ಮದು ಅವಳತ್ರ."

ವಿನೋದಿನಿಗೆ ಹೋದ ಜೀವ ಬಂದಂತಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿನ್ನ ಹೆಸರೇನು ಮಗಾ?"

"ನಿಖಿತಾ." ಎಂದ ಹುಡುಗಿ ದನಿ ತಗ್ಗಿಸಿದಳು. "ಆಂಟಿ, ನನಗೆ ಅಂತ ಯಾರದಾದ್ರೂ ಫೋನ್ ಬಂದಿತ್ತಾ? ಅಪ್ಪನ ಹತ್ರ ಜಗಳ ಆಡಿ ಮನೆ ಬಿಟ್ಟು ಬಂದೆ. ಅವರು ಮಾಡೋದಿಲ್ಲ ಬಿಡಿ. ಸುಮ್ನೆ ಕೇಳಿದೆ."

ವಿನೋದಿನಿ ಕೌಂಟರಿನ ಮೇಲಿನ ತನ್ನ ಫೋನ್ ಎತ್ತಿಕೊಂಡು, ನಿನ್ನೆ ಬೈದಿಟ್ಟ ಮುದುಕನ ನಂಬರನ್ನು ಹುಡುಕಿ ಒತ್ತಿದಳು.

ಒಂದೇ ರಿಂಗಿಗೆ ಆ ಕಡೆ ಎತ್ತಿದರು. ಮೊದಲು ಕೆಮ್ಮು, ಆಮೇಲೆ, "ನಿಖಿತಾ?"

ಅವಳು ಅದನ್ನೂ ಸ್ಪೀಕರಿಗೆ ಹಾಕಿ, ಎರಡು ಫೋನುಗಳನ್ನೂ ಕೌಂಟರಿನ ಮೇಲೆ ಎದುರುಬದುರು ಇಟ್ಟಳು. ಬಾಯಿ ತೆರೆಯಲಿದ್ದ ಸಂದೀಪನಿಗೆ ಸುಮ್ಮನಿರುವಂತೆ ಸನ್ನೆ ಮಾಡಿ, ಹಿಂದೆ ಸರಿದು ನಿಂತಳು.